ಗೋಲಿಗುಂಡು, ಉದ್ದಗುಂಡು

ನವೆಂಬರ್ 16

ಇದು ನನ್ನ ಹತ್ತನೇ ತರಗತಿಯ ಗಣಿತದ ನೋಟ್‌ಬುಕ್. ಹನ್ನೊಂದು ಪುಟ ಲೆಕ್ಕ ಮಾಡಿದ್ದೇನೆ, ಒಂಬತ್ತು ಪುಟ ತಪ್ಪು. ಅಷ್ಟಕ್ಕೆ ಶಾಲೆ ಬಿಟ್ಟೆ. ಉಳಿದ ಪುಟಗಳು ಖಾಲಿ ಇವೆ. ಬಾಯಿಬಿಟ್ಟು ಹೇಳಿದರೆ ಈ ಮನೆಯಲ್ಲಿ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತೇನೆ. ಯಾರಿಗೂ ತೋರಿಸುವುದಿಲ್ಲವಾದ್ದರಿಂದ ಸುಳ್ಳು ಬರೆಯುವ ಅಗತ್ಯವಿಲ್ಲ.

ಇವತ್ತು ಅಪ್ಪನ ಕೋವಿಯನ್ನು ಗೋಡೆಯಿಂದ ಇಳಿಸಿದೆ. ಪಾತ್ರೆ ತೊಳೆಯುತ್ತಿದ್ದ ಅಮ್ಮ ತಿರುಗದೆಯೇ ಹೇಳಿದಳು, "ಅಲ್ಲೇ ಇಡು ಟ್ರೆಸಾ."

"ತುಕ್ಕು ಹಿಡಿಯುತ್ತಮ್ಮಾ."

"ಹಿಡೀಲಿ. ಒಬ್ರು ಬೆಟ್ಟಕ್ಕೆ ಹೋಗಿ ಬರಲಿಲ್ಲ. ಇನ್ನೊಬ್ರು ಬೇಡ."

ನಾನು ಇಡಲಿಲ್ಲ.

ಹೋದ ಜನವರಿ ಒಂಬತ್ತಕ್ಕೆ, ಹಳೇಕಾಲದ ಚಕಮಕಿ ಕೋವಿಗಷ್ಟೇ ಅನುಮತಿಯಿರುವ ಬೇಟೆಯ ದಿನಗಳಲ್ಲಿ, ಅಪ್ಪ ಒಬ್ಬನೇ ಸ್ಟಿಲ್‌ಹೌಸ್ ಹಳ್ಳದ ಮೇಲಕ್ಕೆ ಹೋದ. ಮಾರನೇ ಬೆಳಿಗ್ಗೆ ವರ್ಲ್ ಚಿಕ್ಕಪ್ಪ ಹುಡುಕಿಕೊಂಡು ಹೋದಾಗ ದೊಡ್ಡ ಹೆಮ್ಲಾಕ್ ಮರಕ್ಕೆ ಒರಗಿ ಕೂತಿದ್ದ. ಎದೆ ನಿಂತುಹೋಗಿತ್ತು. ಕೋವಿ ತೊಡೆಯ ಮೇಲಿತ್ತು, ಈಡು ಹಾರಿತ್ತು. ಸ್ವಲ್ಪ ದೂರದಲ್ಲಿ ಹಿಮದ ಮೇಲೆ ರಕ್ತದ ಹನಿಗಳು ಹಳ್ಳದ ಕಡೆ ಇಳಿದಿದ್ದವು. ಊರಿನವರೆಲ್ಲ ಸೇರಿ ತೀರ್ಮಾನಿಸಿದರು: ಎಲ್ಡನ್ ಹಾಕನ್‌ಬೆರಿ ಜಿಂಕೆಗೆ ಗಾಯ ಮಾಡಿದ, ಬೆನ್ನು ಹತ್ತಿದ, ಎದೆ ತಡೆಯಲಿಲ್ಲ.

ನಮ್ಮ ಬೇಟೆಯ ಕ್ಯಾಂಪಿನಲ್ಲಿ ಗುರಿ ತಪ್ಪಿದವನ ಅಂಗಿಯ ಹಿಂತುದಿಯನ್ನು ಕತ್ತರಿಸಿ, ಹೆಸರು ತಾರೀಖು ಬರೆದು ಗೋಡೆಗೆ ಮೊಳೆ ಹೊಡೆಯುತ್ತಾರೆ. ಅದು ನಗುವಿಗೆ. ಗಾಯ ಮಾಡಿ ಕೈಬಿಟ್ಟವನ ಚೂರೂ ಅಲ್ಲೇ ಇರುತ್ತದೆ. ಅದಕ್ಕೆ ಯಾರೂ ನಗುವುದಿಲ್ಲ. ಸಂಸ್ಕಾರ ಮುಗಿದ ವಾರವೇ ಚಿಕ್ಕಪ್ಪ ಅಪ್ಪನ ಕೆಂಪು ಅಂಗಿಯ ಚೂರನ್ನು ಹೊಡೆದ. "ಎಲ್ಡನ್. ಜನವರಿ 9. ತಾಕಿತು, ಸಿಗಲಿಲ್ಲ." ನಿಯಮ ನಿಯಮವೇ ಅಂದ.

ಅಪ್ಪ ಗಾಯ ಮಾಡಿದ ಪ್ರಾಣಿಯನ್ನು ಒಂದು ದಿನವೂ ಬಿಟ್ಟು ಬಂದವನಲ್ಲ. ಆ ಚೂರು ಅಲ್ಲಿ ಇರಬಾರದು. ಇರಬೇಕಾದದ್ದೇ ಆಗಿದ್ದರೆ, ಆ ಜಿಂಕೆಯನ್ನು ಮುಗಿಸುವ ಕೆಲಸ ಈಗ ನನ್ನದು.

ನವೆಂಬರ್ 19

ಚಿಕ್ಕಪ್ಪನ ಕೋವಿ-ಗುಂಡಿನ ಅಂಗಡಿಯಲ್ಲಿ ಇಡೀ ದಿನ. ನನ್ನನ್ನು ಕೌಂಟರಿಗೆ ಇಟ್ಟುಕೊಂಡದ್ದು ಅಪ್ಪನ ಮುಖ ನೋಡಿ. ನಿಂತ ಕಡೆ ನಿಲ್ಲಲಾಗದವಳಿಗೆ ಕೌಂಟರು ಒಳ್ಳೆಯ ಕೆಲಸವಲ್ಲ. ಪೆಟ್ಟಿಗೆಗಳನ್ನು ಮೂರು ಸಲ ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದೆ.

ಮಧ್ಯಾಹ್ನ ಆರ್ವಿ ಸ್ಟ್ರೂಪ್ ತಾತ ಬಂದ. ಎಪ್ಪತ್ತು ದಾಟಿದೆ, ಹಲ್ಲಿಲ್ಲ, ಮಾತು ಬೇಕಾದಷ್ಟಿದೆ.

"ಬರೋ ವರ್ಷ ಮೊಮ್ಮಗನ ಜೊತೆ ಕೊಲೊರಾಡೊಗೆ ಹೋಗ್ತೀನಿ. ಎಲ್ಕ್ ಜಿಂಕೆ ಹೊಡಿಯೋಕೆ. ಅದು ಕುದುರೆ ಅಷ್ಟು ದಪ್ಪ ಇರುತ್ತಂತಲ್ಲೋ ವರ್ಲ್, ನನ್ನ ಗೋಲಿಗುಂಡು ಸಾಕಾಗುತ್ತಾ?"

"ಗೋಲಿ ಮಕ್ಕಳು ಆಡೋಕೆ," ಅಂದ ಚಿಕ್ಕಪ್ಪ. ತನ್ನ ಉದ್ದಗುಂಡನ್ನು ಕೌಂಟರಿನ ಮೇಲೆ ನಿಲ್ಲಿಸಿದ. ಗೋಲಿಯ ಎರಡರಷ್ಟು ತೂಕ, ನಡುವಿನಲ್ಲಿ ಕೊಬ್ಬು ಸವರುವುದಕ್ಕೆ ಮೂರು ಉಂಗುರ. "ಈ ಅಚ್ಚು ಹೋದ ವರ್ಷ ಕ್ರಿಸ್‌ಮಸ್ ಹೊತ್ತಿಗೆ ನಾನೇ ಕೊರ್ದದ್ದು. ಈ ಸೆಪ್ಟೆಂಬರ್‌ವರೆಗೆ ಒಂದನ್ನೂ ಯಾರಿಗೂ ಕೊಟ್ಟಿರಲಿಲ್ಲ, ಪೂರ್ತಿ ನಂಬಿಕೆ ಬರ್ಲಿ ಅಂತ. ಇಡೀ ಪೆನ್ಸಿಲ್ವೇನಿಯಾದಲ್ಲಿ ಇಂಥದ್ದು ಇನ್ನೊಂದಿಲ್ಲ. ಕರಡಿನೂ ಮಲಗಿಸುತ್ತೆ, ಎಲ್ಕನ್ನೂ ಮಲಗಿಸುತ್ತೆ."

"ತಾತ, ನಿನ್ನ ಕೋವಿ ಯಾವುದು?" ಅಂತ ಕೇಳಿದೆ.

"ನಮ್ಮಪ್ಪಂದು. ನಿಮ್ಮಜ್ಜ ಮಾಡಿಕೊಟ್ಟಿದ್ದು."

"ಹಾಗಾದ್ರೆ ಇದು ಬೇಡ. ಅಜ್ಜನ ನಳಿಗೆ ಗೋಲಿಗೆ ಅಂತಲೇ ಮಾಡಿದ್ದು."

ನಿಜವನ್ನೇ ಹೇಳಿದೆ. ನಳಿಗೆಯ ಒಳಗೆ ತಿರುಚಿದ ಗೀರುಗಳಿರುತ್ತವೆ, ಗುಂಡನ್ನು ಬುಗುರಿಯ ಹಾಗೆ ಸುತ್ತಿಸಿ ಕಳಿಸುವುದಕ್ಕೆ. ಗೋಲಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ನಿಧಾನಕ್ಕೆ ಸುತ್ತಿದರೂ ನೆಟ್ಟಗೆ ಹೋಗುತ್ತದೆ. ಉದ್ದಗುಂಡಿಗೆ ಜೋರಾಗಿ ಸುತ್ತಿಸುವ ಗೀರು ಬೇಕು, ಇಲ್ಲದಿದ್ದರೆ ದಾರಿಯಲ್ಲೇ ಪಲ್ಟಿ ಹೊಡೆಯುತ್ತದೆ. ಕಾರ್ಖಾನೆಯಿಂದ ಬರುವ ಹೊಸ ಕೋವಿಗಳಲ್ಲಿ ಚಿಕ್ಕಪ್ಪನದು ಒಳ್ಳೆಯ ಗುಂಡೇ. ಅಜ್ಜನ ಕೋವಿಗಳಲ್ಲಿ ಅಲ್ಲ.

ಚಿಕ್ಕಪ್ಪನ ಕಿವಿ ಕೆಂಪಾಯಿತು. "ಗಣಿತದಲ್ಲಿ ಫೇಲಾದೋಳು ನಂಗೆ ಸುತ್ತಿನ ಲೆಕ್ಕ ಹೇಳ್ತಾಳೆ. ನನ್ನದೂ ನಮ್ಮಪ್ಪ ಮಾಡಿದ ಕೋವಿನೇ ಅಲ್ವಾ? ಅದ್ರಲ್ಲೂ ಹೊಡ್ದಿದೀನಿ. ನಿಮ್ಮಪ್ಪನೂ ಇದನ್ನೇ ತಗೊಂಡಿದ್ರೆ ಜಿಂಕೆ ಅಲ್ಲೇ ಬೀಳ್ತಿತ್ತು. ಆ ಗೋಲಿಯಿಂದ ಹೋಯ್ತು ಅವನ ಮರ್ಯಾದೆ."

ಆರ್ವಿ ತಾತ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ, "ಮೊನ್ನೆ ಸ್ಟಿಲ್‌ಹೌಸ್ ಹಳ್ಳದ ಹತ್ರ ಒಂದು ಹಳೇ ಹೆಣ್ಣು ಜಿಂಕೆ ಕಂಡ್ತು ಮಗಾ. ಮುಂದಿನ ಕಾಲು ಒಂದು ಊರೋದಿಲ್ಲ, ಮೂರರಲ್ಲೇ ನಡಿಯುತ್ತೆ. ನನ್ನ ನೋಡಿದ್ರೂ ಓಡ್ಲಿಲ್ಲ. ಯಾರನ್ನೋ ಕಾಯ್ತಾ ಇರೋ ಹಂಗೆ ನಿಂತಿತ್ತು. ನಂಗೆ ಮೈ ಜುಂ ಅಂತು, ಬಂದ್ಬಿಟ್ಟೆ."

ಚಿಕ್ಕಪ್ಪ ಉದ್ದಗುಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ನವೆಂಬರ್ 23

ಜಲ್ಲಿ ತೆಗೆದ ಹಳೆಯ ಗುಂಡಿಗೆ ಹೋಗಿ ಪರೀಕ್ಷೆ ಮಾಡಿದೆ. ಹಲಗೆಗೆ ಕಾಗದ ಅಂಟಿಸಿ ಐವತ್ತು ಹೆಜ್ಜೆಯಿಂದ.

ಹಾಸಿಗೆಯ ಪಟ್ಟಿಪಟ್ಟಿ ಬಟ್ಟೆಗೆ ಕೊಬ್ಬು ಸವರಿ, ಅದರಲ್ಲಿ ಸುತ್ತಿದ ಗೋಲಿ, ಅಪ್ಪನ ಅಳತೆಯ ಮದ್ದು: ಐದೂ ನನ್ನ ಅಂಗೈ ಅಗಲದೊಳಗೆ ಬಿದ್ದವು.

ಚಿಕ್ಕಪ್ಪನ ಉದ್ದಗುಂಡು: ಎರಡು ಹಲಗೆಗೇ ಬೀಳಲಿಲ್ಲ. ಮೂರು ಬಿದ್ದವು. ಅವು ಮಾಡಿದ ತೂತು ದುಂಡಗಿರಲಿಲ್ಲ, ಬೀಗದ ಕೈ ತೂತಿನ ಹಾಗೆ ಉದ್ದುದ್ದ. ಗುಂಡು ಅಡ್ಡಡ್ಡ ಬಂದು ಬಡಿದಿದೆ.

ಹಾಗೆ ಅಡ್ಡ ಬಡಿದದ್ದು ಪ್ರಾಣಿಯ ಒಳಕ್ಕೆ ಹೋಗುವುದಿಲ್ಲ. ಮೂಳೆ ಮುರಿಯುತ್ತದೆ, ಪ್ರಾಣ ಹೋಗುವುದಿಲ್ಲ.

ನನ್ನ ಬಲ ಹೆಗಲು ನೋಯುತ್ತಿದೆ. ಅಪ್ಪ ಎಡಗೈಯವನು. ಚಕಮಕಿ ಕಲ್ಲು ಕೋವಿಯ ಬಲಗಡೆ ಇರುವುದರಿಂದ ಪ್ರತಿ ಈಡಿಗೂ ಕಿಡಿ ಅವನ ಎಡಗೆನ್ನೆಗೆ ಹಾರುತ್ತಿತ್ತು. ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಅಲ್ಲಿ ಚುಕ್ಕೆಗಳು ಉಳಿದೇಬಿಟ್ಟಿದ್ದವು. ಎಡಗೈ ಕೋವಿ ಮಾಡಿಕೊಡಲು ಅಜ್ಜ ಒಪ್ಪಲಿಲ್ಲವಂತೆ. ಬಲಗೈಯವಳಾದ ನನಗೆ ಆ ತೊಂದರೆ ಇಲ್ಲ.

ಐದು ಈಡಾದ ಮೇಲೆ ಬೇಸರ ಬಂದು, ನಡುವೆ ಎರಡು ಸಲ ಗುಂಡಿಯನ್ನು ಸುತ್ತಿ ಬಂದೆ. ಕೂತು ಕಾಯುವ ಬೇಟೆ ನನ್ನಿಂದ ಹೇಗೆ ಆಗುತ್ತದೋ. ಹತ್ತು ನಿಮಿಷ ಸುಮ್ಮನೆ ಕೂತರೆ ಕಾಲಿನೊಳಗೆ ಇರುವೆ ಹರಿಯುತ್ತದೆ.

ನವೆಂಬರ್ 24

ಕಾಗದಗಳನ್ನು ಅಂಗಡಿಗೆ ತಂದು ಚಿಕ್ಕಪ್ಪನಿಗೆ ತೋರಿಸಿದೆ. ನೋಡಿದ, ಮಡಿಸಿದ, ಒಲೆಗೆ ಹಾಕಿದ.

"ಚಿಕ್ಕಪ್ಪ, ಅಜ್ಜನ ಕೋವಿ ಇಟ್ಕೊಂಡೋರಿಗೆ ಇದನ್ನ ಮಾರ್ಬೇಡ. ಕೇಳಿದ್ರೆ ನಾನು ನಿಜಾನೇ ಹೇಳ್ತೀನಿ."

"ಗೊತ್ತು. ಆ ನಾಲಿಗೆಯಿಂದಲೇ ಮೇಷ್ಟ್ರು ನಿನ್ನ ಹೊರಗೆ ಕಳ್ಸಿದ್ದು." ಆಮೇಲೆ ಬೇರೆ ದನಿಯಲ್ಲಿ, "ಎಲ್ಲಿ ಬೇಕಾದ್ರೂ ಕೂತ್ಕೋ ಟ್ರೆಸಾ. ಆ ಹೆಮ್ಲಾಕ್ ಹತ್ರ ಮಾತ್ರ ಹೋಗ್ಬೇಡ. ಅವತ್ತು ನನ್ನ ಬೆನ್ನು ಹಿಡ್ಕೊಂಡಿತ್ತು, ಹಾಸಿಗೆ ಬಿಟ್ಟು ಏಳೋಕಾಗ್ಲಿಲ್ಲ. ಇಲ್ದಿದ್ರೆ ನಾನೂ ಜೊತೆಗಿರ್ತಿದ್ದೆ."

ಇದನ್ನು ಅವನು ಒಂದು ವರ್ಷದಿಂದ ಹೇಳುತ್ತಿದ್ದಾನೆ. ಯಾಕೆ ಜೊತೆಗೆ ಹೋಗಲಿಲ್ಲ ಎಂದು ನಾನು ಅವನನ್ನು ಯಾವತ್ತೂ ಪ್ರಶ್ನಿಸಿರಲೇ ಇಲ್ಲ.

ಡಿಸೆಂಬರ್ 7

ಹಿಂಬಾಗಿಲ ಕಟ್ಟೆಯ ಮೇಲೆ ಸೀಸ ಕರಗಿಸಿ ಗೋಲಿ ಎರೆದೆ. ಅರವತ್ತು ಎರೆದು ಐವತ್ತೊಂದನ್ನು ವಾಪಸು ಹಾಕಿದೆ. ಕೆಲವಕ್ಕೆ ಸುಕ್ಕಿತ್ತು. ಕೆಲವು ನೋಡಲು ಚೆನ್ನಾಗಿಯೇ ಇದ್ದವು, ಆದರೆ ಬೆರಳಿನ ನಡುವೆ ಉರುಳಿಸಿದಾಗ ಸರಿ ಅನ್ನಿಸಲಿಲ್ಲ. ಆಮೇಲೆ ತಕ್ಕಡಿಗೆ ಹಾಕಿ ನೋಡಿದರೆ ಅವು ನಿಜಕ್ಕೂ ಹಗುರ. ಒಳಗೆ ಗಾಳಿ ಉಳಿದಿತ್ತು. ಇದನ್ನು ನನಗೆ ಯಾರೂ ಕಲಿಸಿಲ್ಲ. ಅಪ್ಪ ಕಲಿಸಲು ಬಂದಾಗ ನಾನು ಎದ್ದು ಹೋಗಿದ್ದೆ.

ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. "ನಿಮ್ಮಪ್ಪನ ಹಂಗೆ ಶಿಳ್ಳೆ ಹೊಡೀಬೇಡ," ಅಂದಳು.

ನಾನು ಶಿಳ್ಳೆ ಹೊಡೆಯುತ್ತಿರಲಿಲ್ಲ. ನನಗೆ ಶಿಳ್ಳೆ ಹೊಡೆಯಲು ಬರುವುದೇ ಇಲ್ಲ.

ಡಿಸೆಂಬರ್ 26

ಚಕಮಕಿ ಬೇಟೆಯ ಮೊದಲ ದಿನ. ಅಪ್ಪನ ಬೂಟಿಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡು ಹೋದೆ. ನನ್ನವು ಒದ್ದೆಯಾಗುತ್ತವೆ. ಹೆಮ್ಲಾಕ್ ಕೆಳಗೇ ಕೂತೆ. ಚಿಕ್ಕಪ್ಪನ ಮಾತು ಕೇಳಬೇಕೆಂದು ಅನ್ನಿಸಲಿಲ್ಲ.

ಎಂಟೂವರೆಗೆ ಆ ಹೆಣ್ಣು ಜಿಂಕೆ ಬಂದಳು. ಹಳ್ಳದಿಂದ ಮೇಲಕ್ಕೆ, ಒಂದು ಹೆಜ್ಜೆ, ನಿಲ್ಲುವುದು, ಒಂದು ಹೆಜ್ಜೆ. ಎಡ ಮುಂಗಾಲು ಎದೆಗೆ ಮಡಚಿಕೊಂಡೇ ಇತ್ತು. ಮೂತಿ ಪೂರ್ತಿ ಬೆಳ್ಳಗಾಗಿದೆ. ನಲವತ್ತು ಹೆಜ್ಜೆ ದೂರದಲ್ಲಿ ನಿಂತು ನನ್ನನ್ನು ನೋಡಿದಳು. ಜಿಂಕೆ ನೋಡುವ ಹಾಗಲ್ಲ, ತಡವಾಗಿ ಬಂದವರನ್ನು ಮನೆಯವರು ನೋಡುವ ಹಾಗೆ.

ಕೋವಿಯ ಕುದುರೆ ಎಳೆದೆ. ಚಕಮಕಿ ಕಿಡಿ ಹಾರಿಸಿತು, ಪಕ್ಕದ ಪುಟ್ಟ ಬಟ್ಟಲಿನ ಪುಡಿಮದ್ದು ಭುಸ್ಸೆಂದಿತು, ಒಳಗಿನ ಈಡು ಹಾರಲಿಲ್ಲ. ಹಿಮದ ತೇವ ಹೊಕ್ಕಿರಬೇಕು. ಬೆಂಕಿ, ಹೊಗೆ, ಇಷ್ಟಾದರೂ ಅವಳು ಓಡಲಿಲ್ಲ. ತಲೆ ತಗ್ಗಿಸಿದಳು. ಆಮೇಲೆ ಬಂದ ದಾರಿಯಲ್ಲೇ ಇಳಿದು ಹೋದಳು.

ಅವಳು ಮರೆಯಾಗುವವರೆಗೂ ನಾನು ಬಟ್ಟಲಿಗೆ ಮತ್ತೆ ಮದ್ದು ಹಾಕಲಿಲ್ಲ. ಚಳಿಗೆ ಎಂದು ಬರೆಯಬಹುದು, ಆದರೆ ಚಳಿಗಲ್ಲ.

ಡಿಸೆಂಬರ್ 29

ಬೆಳಕು ಹರಿಯುವ ಹೊತ್ತಿಗೆ ಕೂತೆ. ಅರ್ಧ ಗಂಟೆಯಾಯಿತು ಅನ್ನಿಸಿ ಎದ್ದಾಗ ಹನ್ನೆರಡು ದಾಟಿತ್ತು. ಹೆಗಲ ಮೇಲೆ, ಟೋಪಿಯ ಮೇಲೆ ಎರಡು ಬೆರಳು ಹಿಮ. ಇರುವೆ ಹರಿಯಲಿಲ್ಲ.

ಇಳಿಯುವಾಗ ಹಿಮದಲ್ಲಿ ಅಪ್ಪನ ಬೂಟಿನ ಗುರುತು ಕಂಡಿತು. ಹಿಮ್ಮಡಿಯಲ್ಲಿ ಅವನು ಹೊಡೆಸಿದ್ದ ಮೂರು ಮೊಳೆ ಸ್ಪಷ್ಟವಾಗಿದ್ದವು. ಅಲ್ಲೇ ನಿಂತುಬಿಟ್ಟೆ. ಆಮೇಲೆ ಆ ಬೂಟು ನನ್ನ ಕಾಲಲ್ಲೇ ಇದೆ ಎಂದು ನೆನಪಾಗಿ ನಗು ಬಂತು. ಹೆಜ್ಜೆಗಳು ಮರದಿಂದ ಹೊರಟು ಹಳ್ಳಕ್ಕೆ ಇಳಿದು, ಅವಳ ಮೂರು ಕಾಲಿನ ಗುರುತಿನ ಪಕ್ಕದಲ್ಲೇ ಸಾಗಿ, ಮತ್ತೆ ಮರಕ್ಕೆ ಬಂದಿದ್ದವು. ನಾನೇ ನಡೆದದ್ದು, ಬೇರೆ ಯಾರೂ ಅಲ್ಲಿ ಇರಲಿಲ್ಲ. ಯಾವಾಗ ನಡೆದೆ ಎಂದು ಮಾತ್ರ ನೆನಪಿಲ್ಲ.

ಜನವರಿ 1

ಹೊಸ ವರ್ಷದ ಊಟ. ಹಂದಿಮಾಂಸ, ಹುಳಿ ಎಲೆಕೋಸು. ಚಿಕ್ಕಪ್ಪನೂ ಬಂದಿದ್ದ. ಬಾಗಿಲಲ್ಲಿ ನನ್ನನ್ನು ನೋಡಿ ಒಳಗೆ ಬರಲು ತಡಮಾಡಿದ.

"ಏನು ಚಿಕ್ಕಪ್ಪ, ದೆವ್ವ ನೋಡ್ದೋರ ಹಂಗೆ?"

"ಮುಖ ತೊಳ್ಕೋ ಮೊದ್ಲು. ಕಾಡುಪ್ರಾಣಿ ಆಗ್ಬಿಟ್ಟಿದೀಯ."

ತೊಳೆದೇ ಇದ್ದೆ. ಕನ್ನಡಿಯಲ್ಲಿ ನೋಡಿದರೆ ಎಡಗೆನ್ನೆಯ ಮೇಲೆ ಕಪ್ಪು ಚುಕ್ಕೆಗಳು, ಐದಾರು. ಸೋಪು ಹಚ್ಚಿ ಉಜ್ಜಿದರೂ ಹೋಗಲಿಲ್ಲ. ಮೊನ್ನೆ ಸಂಜೆ ಒದ್ದೆ ಈಡುಗಳನ್ನು ಹೊಡೆದು ಖಾಲಿ ಮಾಡುವಾಗ ಗಾಳಿ ಆ ಕಡೆ ಬೀಸಿರಬೇಕು. ಈಚೆಗೆ ಕೋವಿ ಎಡ ಹೆಗಲಿಗೇ ಚೆನ್ನಾಗಿ ಕೂರುತ್ತದೆ. ಬಲ ಹೆಗಲು ಇನ್ನೂ ನೋಯುತ್ತಿರಬಹುದು.

ಊಟದ ನಂತರ ಕಾಫಿಗೆ ಒಂದು ಚಿಟಿಕೆ ಉಪ್ಪು ಹಾಕಿಕೊಂಡೆ. ಕಹಿ ಮುರಿಯುತ್ತದೆ. ಅಮ್ಮನ ಕೈಯಿಂದ ಚಮಚ ಜಾರಿ ಬಿತ್ತು.

"ನಿಮ್ಮಪ್ಪನ ರೂಢಿ ಅದು. ಯಾವಾಗಿಂದ?" ಅಂದಳು.

"ಏನು ಯಾವಾಗಿಂದ?"

ಅಮ್ಮ ಚಿಕ್ಕಪ್ಪನ ಕಡೆ ನೋಡಿದಳು. "ವರ್ಲ್, ಇವಳಿಗೆ ನೀನಾದ್ರೂ ಹೇಳು. ಬೆಟ್ಟ ಸಾಕು ಅಂತ ಹೇಳು."

ಚಿಕ್ಕಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಆ ಚೂರು ಗೋಡೆಯಿಂದ ಇಳಿಸ್ತೀನಿ. ನಾಳೇನೇ ಇಳಿಸ್ತೀನಿ. ಬಿಟ್ಬಿಡು ಟ್ರೆಸಾ."

"ನಿಯಮ ನಿಯಮವೇ ಅಂದೋನು ನೀನೇ. ಜಿಂಕೆ ಸಿಗದೆ ಇಳಿಸಿದ್ರೆ ಅದು ಸುಳ್ಳಾಗುತ್ತೆ," ಅಂದೆ.

ಅವನು ಊಟ ಅರ್ಧಕ್ಕೇ ಬಿಟ್ಟು ಹೋದ. ಹೊಸ ವರ್ಷದ ದಿನ ಎಲೆಕೋಸು ಬಿಟ್ಟರೆ ಒಳ್ಳೆಯದಾಗುವುದಿಲ್ಲ ಎಂದು ಅಮ್ಮ ಹಿಂದಿನಿಂದ ಕೂಗಿದಳು.

ಜನವರಿ 4

ಕೂತಿದ್ದೆವು. ಬರಲಿಲ್ಲ.

ಜನವರಿ 6

ಕೂತಿದ್ದೆವು. ದೂರದಲ್ಲಿ ನಿಂತಿದ್ದಳು, ಗಾಳಿ ಸರಿ ಇರಲಿಲ್ಲ. ಪರವಾಗಿಲ್ಲ. ಅವಸರವೇನಿದೆ.

ಜನವರಿ 8

ಗಾಳಿ ಉತ್ತರಕ್ಕೆ ತಿರುಗುತ್ತದೆ. ನಾಳೆ ಬರುತ್ತಾಳೆ. ಉಳಿದ ಗೋಲಿಗಳಲ್ಲಿ ಒಂದನ್ನು ಆರಿಸಿಟ್ಟಿದ್ದೇನೆ.

ಜನವರಿ 9

ಮುಗಿಯಿತು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಒಂಬತ್ತು ಗಂಟೆಗೆ ಬಂದಳು. ಮೂವತ್ತು ಹೆಜ್ಜೆಗೆ ಬಂದು ನಿಂತು, ಪಕ್ಕೆ ತಿರುಗಿಸಿದಳು. ಕಾಯಿಸಿದ್ದು ಸಾಕು ಅನ್ನುವ ಹಾಗೆ. ಚಕಮಕಿ ಬಡಿದದ್ದೂ ಈಡು ಹಾರಿದ್ದೂ ಒಂದೇ ಉಸಿರಿನಲ್ಲಿ. ಹೊಗೆ ಸರಿದಾಗ ಬಿದ್ದಿದ್ದಳು. ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಗೋಲಿ ಈ ಪಕ್ಕೆಯಿಂದ ಹೊಕ್ಕು ಆ ಪಕ್ಕೆಯಿಂದ ಹೊರಟಿತ್ತು.

ಪಕ್ಕದಲ್ಲಿ ಮಂಡಿಯೂರಿದಾಗ "ಬಹಳ ಹೊತ್ತು ಕಾಯಿಸ್ಬಿಟ್ಟೆ, ಹುಡುಗಿ" ಎಂದು ನನ್ನ ಬಾಯಿಂದ ಬಂತು. ನಾನು ಯಾವ ಪ್ರಾಣಿಯನ್ನೂ ಹುಡುಗಿ ಎಂದು ಕರೆದವಳಲ್ಲ.

ಮಧ್ಯಾಹ್ನ ಕೊಟ್ಟಿಗೆಯಲ್ಲಿ ಚರ್ಮ ಸುಲಿದೆ. ಹಳೆಯ ಗಾಯವಿದ್ದ ಹೆಗಲನ್ನು ಕೊಯ್ದೆ. ಮುರಿದ ಮೂಳೆ ಮುಷ್ಟಿಯಷ್ಟು ದಪ್ಪಕ್ಕೆ ಗಂಟು ಕಟ್ಟಿತ್ತು. ಅಪ್ಪನ ಗೋಲಿಯನ್ನು ತೆಗೆದು ಅಮ್ಮನಿಗೆ ಕೊಡಬೇಕೆಂದುಕೊಂಡಿದ್ದೆ. ಗಂಟನ್ನು ಕೊಡಲಿಯಿಂದ ಒಡೆದೆ.

ಒಳಗೆ ಇದ್ದದ್ದು ಗೋಲಿಯಲ್ಲ.

ಉದ್ದಗುಂಡು. ಅಡ್ಡಡ್ಡ ಮಲಗಿತ್ತು. ಒಂದು ಪಕ್ಕ ಮಾತ್ರ ಚಪ್ಪಟೆಯಾಗಿತ್ತು, ಮೂತಿ ಹೊಸದರ ಹಾಗಿತ್ತು. ಮೂರು ಉಂಗುರ.

ಮೂಳೆ ಅದರ ಸುತ್ತ ಒಂದು ವರ್ಷ ಬೆಳೆದಿದೆ. ಒಂದು ವರ್ಷದ ಹಿಂದೆ ಆ ಅಚ್ಚಿನ ಗುಂಡು ಒಬ್ಬನ ಜೇಬಿನಲ್ಲಿ ಮಾತ್ರ ಇತ್ತು.

ಜನವರಿ 10

ಅಂಗಡಿ ತೆರೆಯುವ ಹೊತ್ತಿಗೇ ಹೋದೆ. ಗುಂಡನ್ನು ಮೂಳೆಯ ಚೂರಿನ ಸಮೇತ ಕೌಂಟರಿನ ಮೇಲಿಟ್ಟೆ. ಚಿಕ್ಕಪ್ಪ ಬಹಳ ಹೊತ್ತು ನೋಡಿದ.

"ಈ ಸಲ ಯಾರೋ ಹೊಡ್ದಿರ್ಬೇಕು. ಎಷ್ಟೊಂದು ಜನಕ್ಕೆ ಮಾರಿದೀನಿ."

"ಸುತ್ತ ಮೂಳೆ ಬೆಳ್ದಿದೆ."

"ಜಿಂಕೆ ಮೂಳೆ ಬೇಗ ಬೆಳಿಯುತ್ತೆ."

"ಅಷ್ಟು ಬೇಗ ಬೆಳಿಯಲ್ಲ. ಅದು ನಂಗಿಂತ ನಿಂಗೇ ಚೆನ್ನಾಗಿ ಗೊತ್ತು."

ಅವನು ತಲೆ ಎತ್ತಿದ. ನಾನು ಕಿಟಕಿಯ ಪಕ್ಕ ನಿಂತಿದ್ದೆ, ಬೆಳಕು ಎಡಗಡೆಯಿಂದ ಬೀಳುತ್ತಿತ್ತು. ಅವನ ಕಣ್ಣು ನನ್ನ ಕೆನ್ನೆಯ ಚುಕ್ಕೆಗಳ ಮೇಲೆ ನಿಂತಿತು.

"ಹಂಗೆ ನೋಡ್ಬೇಡ ಎಲ್ಡನ್," ಅಂದ.

ನಾನು ತಿದ್ದಲಿಲ್ಲ. ಯಾಕೆ ತಿದ್ದಲಿಲ್ಲವೋ ತಿಳಿಯದು.

"ಹೆಗಲಿಗೆ ಬಿತ್ತು ಅಂತ ಆಗ್ಲೇ ಗೊತ್ತಾಯ್ತು ಕಣೋ. ಗುಂಡು ಅಡ್ಡ ಹೋಯ್ತು. ನೀನು ಬೇಡ ಅಂದಿದ್ದೆ, ನಾನು ಕೇಳ್ಲಿಲ್ಲ. ಎರಡು ಗಂಟೆ ಜೊತೆಗೇ ಹುಡುಕಿದ್ನಲ್ಲ? ಕಾಲು ಮರಗಟ್ಟಿಹೋಗಿತ್ತು. ನೀನೇ ಅಲ್ವಾ ಹೇಳಿದ್ದು, ನೀ ಗಾಡಿ ಹತ್ರ ಹೋಗು, ನಾನು ಇನ್ನೊಂಚೂರು ನೋಡಿ ಬರ್ತೀನಿ ಅಂತ? ಗಾಡಿಲಿ ಕೂತಿದ್ದೆ. ನಾಲ್ಕು ಗಂಟೆಗೆ ನಿನ್ನ ಕೋವಿ ಸದ್ದು ಕೇಳ್ತು. ಸಿಕ್ತು, ಮುಗಿಸ್ದ ಅಂದ್ಕೊಂಡೆ. ಎಳ್ಕೊಂಡು ಬರೋಕೆ ಕರೀತಾನಲ್ಲ ಅಂತ..." ಬಾಯಿ ಒರೆಸಿಕೊಂಡ. "ಹಳ್ಳದ ಆ ಕಡೆಯಿಂದ ಇಳಿದ್ರೆ ನಿಮ್ಮನೆ ಹತ್ರಾನೇ ಅಂದ್ಕೊಂಡು ಗಾಡಿ ಸ್ಟಾರ್ಟ್ ಮಾಡ್ದೆ. ಆಮೇಲೆ ಹೇಗೆ ಹೇಳ್ಲಿ? ನನ್ನ ಜಿಂಕೆ ಹಿಂದೆ ನಿನ್ನ ಬಿಟ್ಟು ಮನೆಗೆ ಹೋಗಿ ಊಟ ಮಾಡಿ ಮಲಗ್ದೆ ಅಂತ ನಿನ್ನ ಹೆಂಡ್ತಿ ಮುಂದೆ ಹೇಗೆ ಹೇಳ್ಲಿ?"

"ಆ ಈಡು ಜಿಂಕೆಗೆ ಹೊಡ್ದಿದ್ದಲ್ಲ," ಅಂದೆ. "ಅವಳು ಆಗ್ಲೇ ಹಳ್ಳ ದಾಟಿದ್ಲು. ಎದೆ ಹಿಡ್ಕೊಂಡಿತ್ತು, ನಡಿಯೋಕಾಗ್ಲಿಲ್ಲ. ನಿನ್ನ ಕರೆಯೋಕೆ ಹೊಡ್ದಿದ್ದು ಕಣೋ."

ಇದು ನನಗೆ ಹೇಗೆ ಗೊತ್ತು? ಗೊತ್ತಿರಲಿಲ್ಲ. ಹೇಳುವವರೆಗೂ ಗೊತ್ತಿರಲಿಲ್ಲ. ಹೇಳಿದ ಮೇಲೆ, ಅದು ನಿಜ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ನಾನು ಇಲ್ಲಿ ಸುಳ್ಳು ಬರೆಯುವುದಿಲ್ಲ ಎಂದು ಮೊದಲ ಪುಟದಲ್ಲೇ ಬರೆದಿದ್ದೇನೆ.

ಚಿಕ್ಕಪ್ಪ ಕೌಂಟರಿನ ಹಿಂದೆ ನೆಲದ ಮೇಲೆ ಕೂತುಬಿಟ್ಟ. ಒಬ್ಬ ದೊಡ್ಡ ಮನುಷ್ಯ ಅಷ್ಟು ಸದ್ದಿಲ್ಲದೆ ಅಳುವುದನ್ನು ನಾನು ನೋಡಿರಲಿಲ್ಲ. ಆಮೇಲೆ ತಾನೇ ಎದ್ದು ಬಾಗಿಲಿಗೆ ಬೀಗ ಹಾಕಿದ. ಮೊದಲು ನಮ್ಮ ಮನೆಗೆ ಹೋಗಿ ಎಲ್ಲವನ್ನೂ ಅಮ್ಮನಿಗೆ ಹೇಳಿದ. ನಾನು ಅಂಗಳದಲ್ಲೇ ನಿಂತಿದ್ದೆ. ಒಳಗಿನಿಂದ ಕೂಗಾಟ ಕೇಳಲಿಲ್ಲ. ಆಮೇಲೆ ಒಬ್ಬನೇ ಕ್ಯಾಂಪಿಗೆ ಹೋದ. ಅಪ್ಪನ ಚೂರನ್ನು ಕಿತ್ತು, ತಾನು ತೊಟ್ಟ ಅಂಗಿಯನ್ನೇ ಕತ್ತರಿಸಿ ಮೊಳೆ ಹೊಡೆದು, ಹೆಸರಿನ ಕೆಳಗೆ ನಡೆದದ್ದನ್ನೆಲ್ಲ ಬರೆದಿದ್ದಾನಂತೆ. ಆರ್ವಿ ತಾತ ಸಂಜೆ ಬಂದು ಹೇಳಿದ. ಇನ್ನೂ ಏನೋ ಹೇಳುವುದರಲ್ಲಿದ್ದವನು ನನ್ನ ಮುಖ ನೋಡಿ ಟೋಪಿ ತೆಗೆದ. ತಾತ ನನಗೆ ಯಾವತ್ತೂ ಟೋಪಿ ತೆಗೆದವನಲ್ಲ.

ಜನವರಿ 13

ಆಗಬೇಕಾದದ್ದೆಲ್ಲ ಆಗಿದೆ. ನೆಮ್ಮದಿಯಾಗಿ ನಿದ್ರೆ ಬರಬೇಕಿತ್ತು.

ಇವತ್ತು ಮಧ್ಯಾಹ್ನ ನಾಲ್ಕು ಗಂಟೆಗೆ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಆಗಲೇ ನನಗೆ ತಿಳಿದದ್ದು, ನಾನು ಕೋಟು ತೊಟ್ಟು ಹೊರಟು ನಿಂತಿದ್ದೇನೆ ಎಂದು.

"ಎಲ್ಲಿಗೆ?"

ಸುಳ್ಳು ಹೇಳಬಹುದಿತ್ತು. "ಬೆಟ್ಟದಲ್ಲಿ ಈಡಿನ ಸದ್ದು ಕೇಳ್ತಮ್ಮಾ. ಒಂದೇ ಒಂದು. ಯಾರೋ ಕರೀತಿದಾರೆ. ನಾನು ಹೋಗ್ದಿದ್ರೆ ಯಾರು ಹೋಗ್ತಾರೆ?"

ಹುಚ್ಚು ಎಂದು ಬೈಯುತ್ತಾಳೆ ಅಂದುಕೊಂಡೆ. ಅಮ್ಮ ಬೈಯಲಿಲ್ಲ.

"ನಂಗೂ ಕೇಳ್ತು," ಅಂದಳು. "ಅವತ್ತೂ ಕೇಳಿತ್ತು. ಆಲೂಗಡ್ಡೆ ಸುಲೀತಿದ್ದೆ. ಸರಿ, ಜಿಂಕೆ ಸಿಕ್ತು, ರಾತ್ರಿಗೆ ಹಸಿದು ಬರ್ತಾನೆ ಅಂತ ಇನ್ನೂ ಎರಡು ಜಾಸ್ತಿ ಸುಲಿದೆ. ಕೇಳಿಯೂ ಹೋಗದೋನು ವರ್ಲ್ ಒಬ್ನೇ ಅಲ್ಲ ಟ್ರೆಸಾ. ಅವತ್ತಿಂದ ದಿನಾ ಈ ಹೊತ್ತಿಗೆ ಕೇಳುತ್ತೆ."

ಆಮೇಲೆ ಅಮ್ಮ, ಮದುವೆಯಾದಂದಿನಿಂದ ಕೋವಿ ಮುಟ್ಟದವಳು, ಗೋಡೆಯಿಂದ ಅದನ್ನು ತಾನೇ ಇಳಿಸಿದಳು.

"ಬೆಟ್ಟದಿಂದ ಕರೆದ್ರೆ ಕೆಳಗಿನೋರು ಉತ್ತರ ಕೊಡ್ಬೇಕು. ಅದೂ ನಿಯಮಾನೇ. ಯಾರೂ ಕೊಡಲಿಲ್ಲ. ತುಂಬು."

ಮದ್ದು ಸುರಿದೆ. ಚೀಲಕ್ಕೆ ಕೈ ಹಾಕಿ ಯಾವ ಗೋಲಿ ಎಂದು ಬೆರಳಲ್ಲಿ ನೋಡುತ್ತಿದ್ದಾಗ ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಗುಂಡು ಬೇಡ. ಬರೀ ಮದ್ದು ಸಾಕು."

ಬಟ್ಟೆಯನ್ನಷ್ಟೇ ನಳಿಗೆಯೊಳಕ್ಕೆ ಗಿಡಿದು ಅಂಗಳಕ್ಕೆ ಬಂದೆವು. ಕೋವಿಯನ್ನು ಇಬ್ಬರೂ ಹಿಡಿದು ಆಕಾಶಕ್ಕೆ ಎತ್ತಿದೆವು, ಕುದುರೆಯ ಮೇಲೆ ಅಮ್ಮನ ಬೆರಳು. ಸದ್ದು ಕಣಿವೆಯ ಆ ತುದಿಗೆ ಹೋಗಿ ಬಡಿದು, ಹಳ್ಳದ ಗುಂಟ ಉರುಳಿ, ನಿಧಾನಕ್ಕೆ ಇಲ್ಲವಾಯಿತು. ಹೊಗೆ ನಮ್ಮ ತಲೆಯ ಮೇಲೆ ನಿಂತೇ ಇತ್ತು. ಕಿವಿಗೊಟ್ಟು ನಿಂತೆವು.

ಮತ್ತೆ ಏನೂ ಕೇಳಿಸಲಿಲ್ಲ.

ಅಮ್ಮ ಇನ್ನೂ ನಿಂತೇ ಇದ್ದಳು. ಐದು ನಿಮಿಷ ಆಗಿರಬಹುದು. ನನಗೆ ಕಾಲಿನೊಳಗೆ ಮತ್ತೆ ಇರುವೆ ಹರಿಯಿತು, ಮೂಗು ಸೋರಿತು, ನಿಂತು ನಿಂತು ಬೇಜಾರು ಬಂತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಾ, "ಅಮ್ಮಾ, ಇನ್ನೂ ಎಷ್ಟು ಹೊತ್ತು? ಒಳಗೆ ಹೋಗೋಣ್ವಾ?" ಅಂದೆ.

ಅಮ್ಮ ತಿರುಗಿ ನನ್ನ ಮುಖ ನೋಡಿ, "ಟ್ರೆಸಾನೇ," ಅಂದಳು. ಒಂದು ವರ್ಷದಲ್ಲಿ ಮೊದಲ ಸಲ ನಕ್ಕಳು, ಆಮೇಲೆ ಅತ್ತಳು. ನಾನು ಅಂಥದ್ದೇನೂ ಹೇಳಿರಲಿಲ್ಲ.